ಮೇಜಿನ ಬೆನ್ನು

ಕಂಪ್ಯೂಟರ್ ಮೇಜು ಮಾಡಿಸಲು ಹೊರಟವರು ಮೊದಲು ಬಿಡಿಸುವ ಚಿತ್ರ ಎದುರಿನಿಂದ ಕಾಣುವಂಥದ್ದು: ಹಲಗೆ, ಡ್ರಾವರ್, ಪುಸ್ತಕದ ಗೂಡು. ನಮ್ಮ ಕರಾವಳಿಯಲ್ಲಿ ಮೇಜಿನ ಆಯುಷ್ಯ ತೀರ್ಮಾನವಾಗುವುದು ಹಿಂದುಗಡೆ, ಗೋಡೆಗೂ ಹಲಗೆಗೂ ನಡುವಿನ ಕತ್ತಲಲ್ಲಿ. 2020ರ ಲಾಕ್‌ಡೌನಿನಲ್ಲಿ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದೆ. ಮನೆಯಿಂದಲೇ ಕೆಲಸ ಎಂಬುದು ಖಾಯಂ ಆದ ಮೇಲೆ ಉಡುಪಿಯ ಮನೆಗೆ ಹೊಸ ಮೇಜು ಬೇಕಾಯಿತು. ಬಡಗಿಯನ್ನು ಕರೆಯುವ ಮೊದಲು ನೆಂಟರಿಷ್ಟರ ಮೇಜುಗಳ ಅಡಿಗೆಲ್ಲ ಬಗ್ಗಿ ನೋಡಿದೆ.

ಮಣಿಪಾಲದ ಫ್ಲ್ಯಾಟಿನಲ್ಲಿ ತಮ್ಮನದು ರೆಡಿಮೇಡ್ ಮೇಜು, ಮರದ ಹೊಟ್ಟು ಒತ್ತಿ ಮಾಡಿದ ಬೋರ್ಡಿನದು. ಎದುರಿನಿಂದ ಚಂದವೇ. ಹಿಂದಿನ ಅಂಚಿಗೆ ಮಾತ್ರ ಪಟ್ಟಿ ಅಂಟಿಸಿರಲಿಲ್ಲ. ಆ ಬರಿ ಅಂಚು ಮಳೆಗಾಲದ ತೇವ ಕುಡಿದು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಕಾಪುವಿನಲ್ಲಿ ಚಿಕ್ಕಮ್ಮನ ಮನೆಯಿಂದ 1901ರಲ್ಲಿ ಕಟ್ಟಿದ ದೀಪಸ್ತಂಭ ಕಾಣುತ್ತದೆ, ಸಮುದ್ರ ಅಷ್ಟು ಹತ್ತಿರ. ಉಪ್ಪುಗಾಳಿ ಅಲ್ಲಿ ಮರವನ್ನು ಬಿಟ್ಟು ಕಬ್ಬಿಣವನ್ನು ಹಿಡಿದಿತ್ತು. ಡ್ರಾವರಿಗೆ ಕೈ ಹಾಕಿದೆನಷ್ಟೆ, "ಎಳೀಬೇಡ ಮಗಾ, ಕೈಗೇ ಬರ್ತದೆ ಅದು" ಎಂದರು ಚಿಕ್ಕಮ್ಮ. ಚಾನೆಲ್ಲು ತುಕ್ಕು ಹಿಡಿದು ಹಕ್ಕಳೆ ಏಳುತ್ತಿತ್ತು. ನನ್ನ ಮೇಜಿಗೆ ಡ್ರಾವರೇ ಬೇಡ, ಸ್ಕ್ರೂಗಳೆಲ್ಲ ಸ್ಟೀಲಿನವು ಎಂದು ಅಲ್ಲೇ ನಿಶ್ಚಯಿಸಿದೆ.

ಕಾರ್ಕಳದ ಭಾವನದು ಬೇರೆಯೇ ವಾದ. "ಮರ ಯಾಕೆ ಮಾರಾಯ್ತಿ, ಕಲ್ಲು ಹಾಕಿಸು. ನಮ್ಮ ಗೊಮ್ಮಟ ಆರುನೂರು ವರ್ಷದಿಂದ ಮಳೆಯಲ್ಲೇ ನಿಂತಿದ್ದಾನೆ, ಏನಾಗಿದೆ ಅವನಿಗೆ?" 1432ರಲ್ಲಿ ನಿಂತ 42 ಅಡಿಯ ಬಾಹುಬಲಿಯ ಎದುರು ವಾದಿಸುವುದು ಕಷ್ಟ. ಆದರೆ ಲೆಕ್ಕ ಹಾಕಿದರೆ ಐದಡಿ ಉದ್ದ, ಎರಡೂವರೆ ಅಡಿ ಅಗಲ, 20 ಎಂಎಂ ದಪ್ಪದ ಗ್ರಾನೈಟ್ ಹಲಗೆಯೇ 60 ಕಿಲೋ ದಾಟುತ್ತದೆ. ಅದರ ಹಿಂದೊಂದು ಪೆನ್ನು ಬಿದ್ದರೆ ಜರುಗಿಸುವವರು ಯಾರು? ಆಟಿ ತಿಂಗಳ ಬೆಳಿಗ್ಗೆ ಆ ಕಲ್ಲಿನ ಮೇಲೆ ಮಣಿಕಟ್ಟು ಊರಿ ಟೈಪ್ ಮಾಡುವುದೂ ಒಂದು ಶಿಕ್ಷೆಯೇ.

ಬಂದ ಆಚಾರ್ರಿಗೆ ಹಲಸಿನ ಮರದ ಮೇಲೆ ಪ್ರೀತಿ. ನನಗೂ ಆ ಹಳದಿ ಇಷ್ಟ. ಆದರೆ ಗಟ್ಟಿಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅಗಲದ ಹಲಗೆಯಲ್ಲಿ ಅದು ಎದ್ದು ಕಾಣುತ್ತದೆ. ಕೊನೆಗೆ ಐಎಸ್ 710 ಮುದ್ರೆಯ 19 ಎಂಎಂ ಮೆರೈನ್ ಪ್ಲೈವುಡ್ ಎಂದಾಯಿತು. ಸನ್‌ಮೈಕಾ ಮೇಲೆ ಮಾತ್ರ ಅಂಟಿಸಿದರೆ ಹಲಗೆ ಒಂದು ಬದಿಗೆ ಬಾಗುತ್ತದೆ, ಆದ್ದರಿಂದ ಅಡಿಗೂ ತೆಳ್ಳಗಿನದೊಂದು. ನಾಲ್ಕು ಅಂಚಿಗೂ ಪಟ್ಟಿ, ಕಾಣದ ಹಿಂದಿನ ಅಂಚಿಗೂ. "ಅದು ಗೋಡೆ ಬದಿಗೆ ಹೋಗುದಲ್ವಾ, ಯಾರು ನೋಡ್ತಾರೆ?" ಎಂದರು ಆಚಾರ್ರು. ಗೋಡೆ ನೋಡುತ್ತದೆ ಎಂದೆ. ನಮ್ಮದು ಕೆಂಪುಕಲ್ಲಿನ ಗೋಡೆ, ಜುಲೈಯಲ್ಲಿ ಮುಟ್ಟಿದರೆ ಅಂಗೈ ಒದ್ದೆಯಾಗುತ್ತದೆ.

ಎತ್ತರದ ಬಗ್ಗೆ ಸ್ವಲ್ಪ ಜಗಳವೇ ಆಯಿತು. ಅವರ ಲೆಕ್ಕ ಊಟದ ಮೇಜಿನದು, 30 ಇಂಚು. ನನ್ನಂಥ ಗಿಡ್ಡದವರು ಅದಕ್ಕೆ ಸರಿಯಾಗಿ ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ. ಕುರ್ಚಿ ಮೊದಲೇ ತಂದು, ಪಾದ ಊರಿ ಕೂತು, ನೆಲದಿಂದ ಮೊಣಕೈಗೆ ಟೇಪ್ ಹಿಡಿಸಿ ಇಪ್ಪತ್ತೇಳಕ್ಕೆ ಇಳಿಸಿದೆ.

8x4 ಅಡಿಯ ಒಂದೇ ಹಾಳೆಯಲ್ಲಿ ಇಡೀ ಮೇಜು ಬಂತು. ಮೇಲಿನ ಹಲಗೆ 5x2.5 ಅಡಿ. ಪಕ್ಕದ ಎರಡು ಹಲಗೆಗಳ ಅಗಲ ಬೇಕೆಂದೇ 23 ಇಂಚು, ಮೇಲಿನದಕ್ಕಿಂತ 7 ಇಂಚು ಕಮ್ಮಿ. ಹಾಗಾಗಿ ಹಿಂದುಗಡೆ ವಯರುಗಳು ನೇತಾಡಲು, ಗಾಳಿ ಓಡಾಡಲು, ಪೊರಕೆ ತೂರಲು ಜಾಗ. ಮೇಜು ಗೋಡೆಯಿಂದ 2 ಇಂಚು ದೂರ. ವಯರು ಆ ಸಂದಿನಲ್ಲೇ ಇಳಿಯುವುದರಿಂದ ಹಲಗೆಗೆ ತೂತು ಕೊರೆಯುವ ಪ್ರಮೇಯವಿಲ್ಲ. ಐದಡಿ ಹಲಗೆ ನಡುವೆ ಜಗ್ಗದಂತೆ ಉಳಿದ ತುಂಡಿನಿಂದ ಅಡಿಗೆ ಎರಡು ಪಟ್ಟಿ ನಿಲ್ಲಿಸಿದೆವು.

ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಕಡೆಯಿಂದ ಗುಡುಗು ಶುರುವಾಗುತ್ತದೆ. ಹತ್ತಿರದಲ್ಲೇ ಸಿಡಿಲು ಬಡಿದರೆ ಯುಪಿಎಸ್ಸನ್ನಾಗಲಿ ಸರ್ಜ್ ಬೋರ್ಡನ್ನಾಗಲಿ ನಂಬಿ ಕೂರುವಂತಿಲ್ಲ, ಪ್ಲಗ್ಗನ್ನೇ ಕೀಳಬೇಕು. ಅದೂ ದೂರದ ಮೊದಲ ಗುಡುಗಿಗೇ. ತಲೆ ಮೇಲೆ ಸಿಡಿಲು ಬರುವಾಗ ಪ್ಲಗ್ಗಿಗೆ ಕೈ ಹಾಕಬಾರದು. ನಾನು ನೋಡಿದ ಮೇಜುಗಳಲ್ಲೆಲ್ಲ ಪ್ಲಗ್ಗು ಇದ್ದದ್ದು ಅಡಿಯ ಕತ್ತಲಲ್ಲಿ, ಮೊಣಕಾಲೂರಿ ತೆವಳಿದರೆ ಮಾತ್ರ ಸಿಗುವಲ್ಲಿ. ಅಲ್ಲಿಗೆ ಗುಡುಗುವ ಮೊದಲು ಹೋಗಲು ಯಾರಿಗೂ ಮನಸ್ಸು ಬಾರದು. ನಾನು ಎಲೆಕ್ಟ್ರೀಷಿಯನ್‌ಗೆ ಹೇಳಿ ಸ್ವಿಚ್‌ಬೋರ್ಡನ್ನು ಮೇಜಿನಿಂದ ಒಂದು ಗೇಣು ಮೇಲಕ್ಕೆ ತರಿಸಿದೆ. ಮಾನಿಟರ್, ಯುಪಿಎಸ್, ರೌಟರ್ ಎಲ್ಲವೂ ಕಡೆಗೆ ಒಂದೇ ಪ್ಲಗ್ಗಿಗೆ ಬಂದು ಸೇರುತ್ತವೆ. ಕೂತಲ್ಲಿಂದಲೇ ಎಳೆಯಬಹುದು. ಇಂಟರ್‌ನೆಟ್ಟಿನ ತಾಮ್ರದ ಕೇಬಲ್ಲನ್ನೂ ಮರೆಯಬಾರದು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಕಾಲದ್ದೊಂದು ಮಾತು ಬಾಕಿ. ಪಾಲಿಶು ಒದ್ದೆ ಗಾಳಿಯಲ್ಲಿ ಬೆಳ್ಳಗೆ ಮಬ್ಬಾಗುತ್ತದೆ, ಅಂಟು ಬೇಗ ಒಣಗುವುದಿಲ್ಲ. ಮೇ ತಿಂಗಳಲ್ಲಿ ಆಚಾರ್ರು ಒಕ್ಕಲಿನ ಮನೆಗಳ ಬಾಗಿಲು ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ, ಫೋನೂ ಎತ್ತುವುದಿಲ್ಲ. ಮೇಜು ಬೇಕಾದವರು ದೀಪಾವಳಿ ಕಳೆದ ಕೂಡಲೇ ಮಾತಾಡಿ ಇಡುವುದು ಒಳ್ಳೆಯದು.