ಸರ್ವರೋಗಕ್ಕೂ ಒಂದೇ ಗುಳಿಗೆ!

ಈ ಸಲದ ಗೋಡೆ ಪತ್ರಿಕೆಯ ವಿಜ್ಞಾನ ವಿಭಾಗಕ್ಕೆ ನಾನು ಆರಿಸಿಕೊಂಡಿರುವ ವಿಷಯ ಔಷಧಿ. ಆಸ್ಪತ್ರೆಯಲ್ಲಿ ಕೊಡುವ ಔಷಧಿಯಲ್ಲ. ಒಂದೇ ಸೀಸೆಯಿಂದ ನೂರು ರೋಗ ವಾಸಿ ಅಂತ ಕೂಗಿ ಮಾರುತ್ತಾರಲ್ಲ, ಆ ಔಷಧಿ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರಲ್ಲಿ ಯಾವ ಊರಿನ ಸಂತೆಗೋ ಜಾತ್ರೆಗೋ ಹೋದವರು ಇಂಥವರನ್ನು ಕಂಡಿರುತ್ತೀರಿ. "ಬನ್ನಿ ಯಜಮಾನ್ರೇ, ಬನ್ನಿ ತಾಯೀ! ಮಂಡಿನೋವು, ಸೊಂಟನೋವು, ಹಲ್ಲುನೋವು, ಕಜ್ಜಿ, ಉಬ್ಬಸ, ಏನಿದ್ರೂ ಮೂರೇ ದಿನ!" ಈಗಂತೂ ಸಂತೆವರೆಗೂ ಹೋಗೋದು ಬೇಡ, ಮೊಬೈಲಿಗೇ ಬಂದು ಬೀಳುತ್ತೆ. ಈ ವ್ಯಾಪಾರ ಹೇಗೆ ಬೆಳೆಯಿತು, ಅದನ್ನು ಗುರುತು ಹಿಡಿಯುವುದು ಹೇಗೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ.

ವಿಕ್ಟೋರಿಯಾ ರಾಣಿಯ ಕಾಲ

ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಅವಧಿಯಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ 1881ರವರೆಗೂ ಇಂಗ್ಲಿಷರ ಆಡಳಿತ, ಆಮೇಲೆ ಚಾಮರಾಜೇಂದ್ರ ಒಡೆಯರ ಆಳ್ವಿಕೆ. ಹಾಸನದ ಸರ್ಕಾರಿ ದೊಡ್ಡಾಸ್ಪತ್ರೆಗೆ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಎಂಬ ಹೆಸರಿರುವುದು ನಿಮಗೆಲ್ಲ ಗೊತ್ತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಶುರುವಾದದ್ದು 1900ರ ಡಿಸೆಂಬರಿನಲ್ಲಿ. ಅಂದರೆ ಆ ರಾಣಿಯ ಕಾಲದ ಬಹುಭಾಗ ನಮ್ಮ ಹಳ್ಳಿ ಜನಕ್ಕೆ ದೊಡ್ಡ ಆಸ್ಪತ್ರೆ ಅನ್ನೋದು ದೂರದ ಮಾತು. ಇಂಗ್ಲೆಂಡಿನ ಬಡವರದೂ ಅದೇ ಕಥೆ. ಡಾಕ್ಟರಿಗೆ ಕೊಡೋಕೆ ದುಡ್ಡಿರಲಿಲ್ಲ. ಅಂಗಡಿಯಲ್ಲಿ ಸಿಗೋ ಡಬ್ಬಿಯೇ ಗತಿ. ಅಂಥ ಡಬ್ಬಿ, ಸೀಸೆಗಳನ್ನು 'ಪೇಟೆಂಟ್ ಔಷಧಿ' ಎಂದು ಕರೆದರು.

ಇಲ್ಲೊಂದು ತಮಾಷೆಯಿದೆ. ನಿಜವಾಗಿ ಪೇಟೆಂಟ್ ಬೇಕೆಂದರೆ ಕಂಡುಹಿಡಿದವನು ತನ್ನ ವಿಧಾನವನ್ನು ಬರೆದು ಸರ್ಕಾರಕ್ಕೆ ಒಪ್ಪಿಸಬೇಕು. ಆದರೆ ಈ ಔಷಧಿಗಳಲ್ಲಿ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ. ಇದ್ದದ್ದು ಒಂದು ಹೆಸರು, ಒಂದು ಚಿತ್ರ, ಒಂದು ಗುಟ್ಟು. ಒಳಗೆ ಏನಿದೆ ಅಂತ ಹೇಳಿಬಿಟ್ಟರೆ ವ್ಯಾಪಾರವೇ ಮುಗೀತಿತ್ತು. ಇನ್ನೊಂದು ವಿಷಯ: ಇಂಗ್ಲೆಂಡಿನಲ್ಲಿ 1783ರಿಂದ ಇಂಥ ಔಷಧಿಗಳ ಮೇಲೆ ತೆರಿಗೆ ಇತ್ತು. ತೆರಿಗೆ ಕಟ್ಟಿದ ಗುರುತಿಗೆ ಡಬ್ಬಿಯ ಮೇಲೆ ಸರ್ಕಾರದ ಚೀಟಿ ಅಂಟಿಸುತ್ತಿದ್ದರು. ಸರ್ಕಾರ ದುಡ್ಡು ಇಸಕೊಂಡಿದೆ ಅನ್ನೋದಕ್ಕಷ್ಟೇ ಆ ಚೀಟಿ. ಜನ ಮಾತ್ರ ಸರ್ಕಾರವೇ ಒಪ್ಪಿದ ಔಷಧಿ ಅಂತ ತಿಳಿದುಕೊಂಡರು.

108 ಪಟ್ಟು ಬೆಲೆ

ಥಾಮಸ್ ಬೀಚಂ ಎಂಬಾತ ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದವನು. ದೊಡ್ಡವನಾದ ಮೇಲೆ ಸಂತೆಗಳಲ್ಲಿ ಗುಳಿಗೆ ಮಾರಿ, ಕೊನೆಗೆ ಕಾರ್ಖಾನೆಯನ್ನೇ ಕಟ್ಟಿದ. ಅವನ ಡಬ್ಬಿಗೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ಕೊಟ್ಟರೂ ಕಮ್ಮಿಯೇ ಎಂಬ ಜಾಹೀರಾತು ಇತ್ತು. ಮಾರುತ್ತಿದ್ದದ್ದು 1 ಶಿಲ್ಲಿಂಗ್ ಒಂದೂವರೆ ಪೆನ್ನಿಗೆ. ಎಷ್ಟು ಅಗ್ಗ ಅಲ್ವಾ!

1909ರಲ್ಲಿ ಬ್ರಿಟಿಷ್ ವೈದ್ಯರ ಸಂಘದವರು ಇಂಥ ಔಷಧಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ 'ಸೀಕ್ರೆಟ್ ರೆಮೆಡೀಸ್' ಎಂಬ ಪುಸ್ತಕ ಪ್ರಕಟಿಸಿದರು. ಬೀಚಂ ಗುಳಿಗೆಯಲ್ಲಿ ಅವರಿಗೆ ಸಿಕ್ಕಿದ್ದು ಮೂರು ವಸ್ತು: ಲೋಳೆಸರದ ಒಣಗಿಸಿದ ರಸ, ಶುಂಠಿ, ಸಾಬೂನು. ಒಂದು ಡಬ್ಬಿಗೆ ತಗಲುವ ಸಾಮಾನಿನ ಖರ್ಚು ಸುಮಾರು ಅರ್ಧ ಫಾರ್ದಿಂಗ್. ಈಗ ಲೆಕ್ಕ ಮಾಡೋಣ:

1 ಶಿಲ್ಲಿಂಗ್ = 12 ಪೆನ್ನಿ; 1 ಪೆನ್ನಿ = 4 ಫಾರ್ದಿಂಗ್.
ಡಬ್ಬಿಯ ಬೆಲೆ = ಹದಿಮೂರೂವರೆ ಪೆನ್ನಿ = 54 ಫಾರ್ದಿಂಗ್.
ಸಾಮಾನಿನ ಖರ್ಚು = ಅರ್ಧ ಫಾರ್ದಿಂಗ್.
54 ಅನ್ನು ಅರ್ಧದಿಂದ ಭಾಗಿಸಿದರೆ 108.

ಬೆಲೆಯಲ್ಲಿ ಒಂದೂವರೆ ಪೆನ್ನಿ ಸರ್ಕಾರದ ತೆರಿಗೆ, ನಿಜ. ಆದರೂ ಸಾಮಾನಿನ ಖರ್ಚಿನ 108 ಪಟ್ಟು ಜನರಿಂದ ವಸೂಲಾಯಿತು. ಲೋಳೆಸರ ಭೇದಿ ಮಾಡಿಸುತ್ತೆ. ಮಲಬದ್ಧತೆ ಇದ್ದವರಿಗೆ ಹೊಟ್ಟೆ ಹಗುರಾಗಿರುತ್ತೆ. ಅಷ್ಟು ಸತ್ಯ. ಆದರೆ ತಲೆಸುತ್ತು, ಉಸಿರುಕಟ್ಟು, ಕೆಟ್ಟ ಕನಸು ಎಲ್ಲವೂ ಹೋಗುತ್ತೆ ಅಂದದ್ದಕ್ಕೆ ಆಧಾರವಿಲ್ಲ.

ಥಾಮಸ್ ಹಾಲೊವೇ ಎಂಬ ಇನ್ನೊಬ್ಬ 1837ರಲ್ಲಿ ಮುಲಾಮು ಮಾರಲು ಶುರುಮಾಡಿದ. ಅವನ ಜಾಣತನವೆಲ್ಲ ಜಾಹೀರಾತಿನಲ್ಲಿತ್ತು. ಎಷ್ಟು ಸಂಪಾದಿಸಿದ ಅಂದರೆ ಹೆಣ್ಣುಮಕ್ಕಳಿಗೆ ಒಂದು ದೊಡ್ಡ ಕಾಲೇಜನ್ನೇ ಕಟ್ಟಿಸಿಕೊಟ್ಟ. 1886ರಲ್ಲಿ ಅದನ್ನು ಉದ್ಘಾಟಿಸಿದ್ದು ಸ್ವತಃ ವಿಕ್ಟೋರಿಯಾ ರಾಣಿ. ಕಾಲೇಜು ಒಳ್ಳೇದೇ, ಅಲ್ಲ ಅನ್ನಲ್ಲ. ಆದರೆ ದಾನಿ ಒಳ್ಳೆಯವನು ಎಂಬುದು ಮುಲಾಮು ಒಳ್ಳೇದು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಗುಟ್ಟಿನ ಔಷಧಿ, ಗುಟ್ಟಿಲ್ಲದ ಔಷಧಿ

ಇಂಥ ಒಂದು ಔಷಧಿ ಹುಟ್ಟಿದ್ದು ನಮ್ಮ ಭಾರತದಲ್ಲೇ. ಸುಮಾರು 1848ರಲ್ಲಿ ಇಲ್ಲಿ ಸೇನೆಯ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಕಾಲರಾಕ್ಕೆ ಅಂತ 'ಕ್ಲೋರೋಡೈನ್' ತಯಾರಿಸಿದ. ಅದರಲ್ಲಿ ಇದ್ದದ್ದು ಅಫೀಮಿನ ದ್ರಾವಣ, ಗಾಂಜಾ, ಕ್ಲೋರೋಫಾರಂ. ಆಮೇಲೆ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದು ಕೆಮ್ಮು, ನೋವು, ನಿದ್ದೆ ಬರದಿರೋದು ಎಲ್ಲಕ್ಕೂ ಅದೇ ಆಯಿತು. ಅಫೀಮು ಕರುಳಿನ ಚಲನೆಯನ್ನು ತಗ್ಗಿಸುತ್ತೆ, ಆದ್ದರಿಂದ ಭೇದಿ ಕಮ್ಮಿಯಾದಂತೆ ಕಾಣುತ್ತೆ. ನೋವೂ ಮರೆಯಾಗುತ್ತೆ. ಆದರೆ ಕಾಲರಾ ರೋಗಿಯನ್ನು ಕೊಲ್ಲುವುದು ಮೈಯಲ್ಲಿನ ನೀರು ಮತ್ತು ಲವಣ ಖಾಲಿಯಾಗುವುದು. ಅದಕ್ಕೆ ಆ ಸೀಸೆಯಲ್ಲಿ ಏನೂ ಇರಲಿಲ್ಲ. ಮೇಲಾಗಿ ಚಟ ಹತ್ತಿದವರಿದ್ದರು, ಹೆಚ್ಚು ಕುಡಿದು ಸತ್ತವರೂ ಇದ್ದರು.

ಈಗ ಇನ್ನೊಂದು ಚಿತ್ರ ನೋಡಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ಎಂಬಲ್ಲಿ ನಿರಾಶ್ರಿತರಿಗೆ ಕಾಲರಾ ಹರಡಿತು. ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಬಾಯಿಯ ಮೂಲಕವೇ ಕುಡಿಸಿದರು. ನೂರಕ್ಕೆ 20-30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಅದೇ ಇವತ್ತು ಆಶಾ ಕಾರ್ಯಕರ್ತೆಯರು ಕೊಡುವ ಓ.ಆರ್.ಎಸ್. ಪೊಟ್ಟಣ. ಪೊಟ್ಟಣದ ಹಿಂಬದಿ ಓದಿ: ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಎಲ್ಲಾ ಬಹಿರಂಗ. ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಔಷಧಿ ಗುಟ್ಟು ಮಾಡಿ ಹೆಸರು ಮಾಡಿತು. ಇನ್ನೊಂದು ಗುಟ್ಟಿಲ್ಲದೆ ಜೀವ ಉಳಿಸಿತು. ನನ್ನ ಲೇಖನದ ಸಾರ ಇಷ್ಟೇ.

ಸಬ್ಬಸಿಗೆ ಮತ್ತು ಶ್ರೀಗಂಧ

ಮಗು ಅತ್ತರೆ ಗ್ರೈಪ್ ವಾಟರ್ ಕುಡಿಸುವುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಇದೂ ಆ ಕಾಲದ್ದೇ. ವಿಲಿಯಂ ವುಡ್‌ವರ್ಡ್ ಎಂಬಾತ 1851ರಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸಿದ್ದು. ಮೊದಲಿನ ದ್ರಾವಣದಲ್ಲಿ ಸಬ್ಬಸಿಗೆ ಎಣ್ಣೆ, ಸೋಡ, ಸಕ್ಕರೆಯ ಜೊತೆಗೆ ನೂರಕ್ಕೆ 3.6 ಭಾಗ ಆಲ್ಕೋಹಾಲ್ ಇತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆದದ್ದು 1992ರಲ್ಲಿ. ಅಷ್ಟು ಕಾಲ ಮಗು ಸುಮ್ಮನಾಗುತ್ತಿದ್ದದ್ದು ಸಬ್ಬಸಿಗೆಯಿಂದಲೋ ಆಲ್ಕೋಹಾಲಿನಿಂದಲೋ ಅಂತ ಎಷ್ಟು ತಾಯಂದಿರು ಕೇಳಿದ್ದಾರು?

ನಮ್ಮ ಮೈಸೂರಿನ ಶ್ರೀಗಂಧವೂ ಔಷಧಿಯಾಗಿ ವಿದೇಶದ ಡಬ್ಬಿ ಸೇರಿತ್ತು. ಗಂಧದೆಣ್ಣೆ ತುಂಬಿದ ಗುಳಿಗೆಗಳನ್ನು ಪ್ಯಾರಿಸ್ಸಿನವರು 'ಸಾಂತಾಲ್ ಮಿಡಿ' ಎಂಬ ಹೆಸರಿನಲ್ಲಿ ಮೂತ್ರನಾಳದ ಸೋಂಕಿಗೆ ಮಾರುತ್ತಿದ್ದರು. ಎಣ್ಣೆ ತೆಗೆಯಲು ನಮ್ಮ ಗಂಧದ ಮರ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಬಂದು ಅದು ನಿಂತಾಗ, 1916ರ ಹೊತ್ತಿಗೆ ಮೈಸೂರು ಸಂಸ್ಥಾನವೇ ಎಣ್ಣೆ ತೆಗೆಯಲು ಶುರುಮಾಡಿತು. ಇಲ್ಲಿ ಒಳಗಿದ್ದದ್ದು ಏನೆಂಬುದು ಗೊತ್ತಿತ್ತು. ಆದರೂ ಸೋಂಕನ್ನು ಬುಡಸಮೇತ ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. 1930ರ ದಶಕದಲ್ಲಿ ಸಲ್ಫಾ ಗುಳಿಗೆ, 1940ರ ದಶಕದಲ್ಲಿ ಪೆನ್ಸಿಲಿನ್ ಬಂದ ಮೇಲೆ ಗಂಧದೆಣ್ಣೆ ಸೋಪಿಗೂ ಸುಗಂಧಕ್ಕೂ ಸೀಮಿತವಾಯಿತು. ಆದ್ದರಿಂದ ಒಳಗೇನಿದೆ ಅಂತ ಕೇಳಿದರೆ ಸಾಲದು. ಅದು ಆ ರೋಗಕ್ಕೆ ಕೆಲಸ ಮಾಡುತ್ತಾ ಅಂತಲೂ ಕೇಳಬೇಕು.

ಜನ ಯಾಕೆ ನಂಬುತ್ತಾರೆ?

ನಂಬುವವರು ದಡ್ಡರೇನಲ್ಲ. ನಂಬಿಕೆಗೆ ಮೂರು ಕಾರಣಗಳಿವೆ.

ಮೊದಲನೆಯದು, ಎಷ್ಟೋ ಕಾಯಿಲೆ ತಾನಾಗಿ ವಾಸಿಯಾಗುತ್ತೆ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹಳ ಜನರಿಗೆ ಕೆಲವು ವಾರಗಳಲ್ಲಿ ಇಳಿಯುತ್ತೆ. ಅಷ್ಟರಲ್ಲಿ ಸೊಪ್ಪಿನ ರಸ ಕುಡಿದಿದ್ದರೆ ಹೆಸರು ಸೊಪ್ಪಿಗೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹಾಗೆ. ಎರಡನೆಯದು, ನೋವು ಮರೆಸುವ ವಸ್ತು ಒಳಗಿದ್ದರೆ ರೋಗವೇ ಹೋಯಿತು ಅನ್ನಿಸುತ್ತೆ. ಮೂರನೆಯದು, ವಾಸಿಯಾದವರು ಊರೆಲ್ಲ ಹೇಳುತ್ತಾರೆ. ಸತ್ತವರು ಬಂದು ಸಾಕ್ಷಿ ಹೇಳೋದಿಲ್ಲ.

ಹಾವಿನ ಮಂತ್ರವೂ ಹೀಗೇ. ಕೇರೆ, ನೀರುಹಾವು ಕಚ್ಚಿದರೆ ವಿಷವೇ ಇಲ್ಲ. ನಾಗರಹಾವು, ಕೊಳಕುಮಂಡಲ ಕಚ್ಚಿದಾಗಲೂ ಒಮ್ಮೊಮ್ಮೆ ವಿಷ ಇಳಿದಿರುವುದಿಲ್ಲ. ಅಂಥವರು ಮಂತ್ರ ಹಾಕಿಸದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷ ಇಳಿದವರಿಗೆ ಮಂತ್ರದ ಮುಂದೆ ಕುಳಿತ ಒಂದು ಗಂಟೆ ಅಂದರೆ ಕಳೆದುಹೋದ ಒಂದು ಗಂಟೆ.

ನಮ್ಮ ಕೇರಿಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆಗೆ ಡಾಕ್ಟರು ಕೊಟ್ಟ ಗುಳಿಗೆ ಬಿಟ್ಟು, ಯಾರೋ ಮಾರಿದ ಹೆಸರಿಲ್ಲದ ಪುಡಿಯನ್ನು ಐದು ತಿಂಗಳು ತಿಂದರು. ಕಾಲಿನ ಹುಣ್ಣು ಮಾಗದೆ ಎರಡು ಬೆರಳು ತೆಗೆಯಬೇಕಾಯಿತು. ಪುಡಿ ಮಾರಿದವನು ಮತ್ತೆ ಈ ಕಡೆ ಬರಲಿಲ್ಲ. ಸುಳ್ಳು ಔಷಧಿಯ ಬೆಲೆ ಬರೀ ದುಡ್ಡಿನದಲ್ಲ, ಸರಿಯಾದ ಔಷಧಿ ಸಿಗದೆ ಹೋದ ದಿನಗಳದ್ದು.

ಹಾಗಾದರೆ ನಾಟಿ ಔಷಧಿ ಎಲ್ಲಾ ಸುಳ್ಳೇ?

ಅಲ್ಲ. ಸರ್ಪಗಂಧಿ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿ ರಕ್ತದೊತ್ತಡಕ್ಕೆ ಔಷಧಿ ಮಾಡಿದರು. ಬೇರು ನಮ್ಮದೇ, ಪರೀಕ್ಷೆ ಆದ ಮೇಲೆ ಲೋಕವೇ ಒಪ್ಪಿತು. ಮೈಸೂರಿನಲ್ಲಿ 1908ರಿಂದ ಆಯುರ್ವೇದ ಕಲಿಸುತ್ತಿದ್ದಾರೆ. ಹಾಸನದಲ್ಲೂ 1992ರಿಂದ ಆಯುರ್ವೇದ ಕಾಲೇಜಿದೆ. ಓದಿ ಕಲಿತ ವೈದ್ಯರು ಹೆಸರು, ವಿಳಾಸ ಕೊಟ್ಟು ಕೂರುತ್ತಾರೆ. ಗಿಡಮೂಲಿಕೆಯ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ಗುಟ್ಟಿನ ಮೇಲೆ, ಎಲ್ಲಾ ವಾಸಿ ಅನ್ನೋ ಮಾತಿನ ಮೇಲೆ.

ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1930-31ರಲ್ಲಿ ರಾಮನಾಥ ಚೋಪ್ರಾ ಅವರ ಸಮಿತಿ ಔಷಧಿ ಮಾರಾಟದ ಸ್ಥಿತಿಗತಿ ನೋಡಿ ವರದಿ ಕೊಟ್ಟಿತು. 1940ರಲ್ಲಿ ಔಷಧಿಗಳ ಕಾಯಿದೆ ಬಂತು. 1954ರಲ್ಲಿ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಬಂತು. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಪಾರ್ಶ್ವವಾಯು, ಕುರುಡುತನ ಮುಂತಾದವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು ಅದು ನಿಷೇಧಿಸಿತು. ಎತ್ತರ ಹೆಚ್ಚಿಸುತ್ತೇವೆ ಅನ್ನುವುದೂ ಆ ಪಟ್ಟಿಯಲ್ಲಿದೆ, ಕುಳ್ಳಗಿರೋ ಗೆಳೆಯರು ಗಮನಿಸಿ! ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿ ಅನ್ನುವ ಜಾಹೀರಾತೂ ಇದರೊಳಗೆ ಬರುತ್ತದೆ. ಆದರೆ ಕಾಯಿದೆಯ ಪುಸ್ತಕ ಪ್ರತಿ ಸಂತೆಗೂ ಬರೋಕಾಗಲ್ಲ. ಕೇಳುವವರು ನಾವೇ ಆಗಬೇಕು.

ನೆನಪಿಡಬೇಕಾದ ಮೂರು ಪ್ರಶ್ನೆಗಳು

1. ಇದರೊಳಗೆ ಏನೇನಿದೆ, ಎಷ್ಟೆಷ್ಟಿದೆ? ಹೇಳಲಾರೆ ಅಂದರೆ ಬೇಡ ಅನ್ನಿ.
2. ಇದು ಯಾವ ಒಂದು ರೋಗಕ್ಕೆ? ಎಲ್ಲದಕ್ಕೂ ಅಂದರೆ ಯಾವುದಕ್ಕೂ ಅಲ್ಲ.
3. ನಾಳೆ ತೊಂದರೆಯಾದರೆ ನೀವು ಎಲ್ಲಿ ಸಿಗುತ್ತೀರಿ?

ತಕ್ಷಣ ಮಾಡಬೇಕಾದ್ದು

ಹಾವು ಕಚ್ಚಿದರೆ: ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಓಡಿಸಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ. ವಿಷಕ್ಕೆ ಇರುವ ಔಷಧಿ ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್ ಒಂದೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ನಾಯಿ ಕಚ್ಚಿದರೆ: ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಬಹಳ ಬಹಳ ಅಪರೂಪ.

ಮನೆಗೆಲಸ

ಅ) ಮನೆಯಲ್ಲಿರುವ ಯಾವುದಾದರೂ ಔಷಧಿಯ ಚೀಟಿ ಓದಿ, ಒಳಗಿರುವ ವಸ್ತುಗಳನ್ನು ಬರೆದು ತನ್ನಿ. ಓದೋಕೆ ಕಷ್ಟವಾದರೆ ವಿಜ್ಞಾನದ ಮೇಷ್ಟ್ರನ್ನು ಕೇಳಿ.
ಆ) ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಬಂದ ಒಂದು ಔಷಧಿ ಜಾಹೀರಾತಿಗೆ ಮೇಲಿನ ಮೂರು ಪ್ರಶ್ನೆ ಹಾಕಿ ನೋಡಿ.
ಇ) ಓದು ಬರದ ಹಿರಿಯರು ಮನೆಯಲ್ಲಿದ್ದರೆ ಅವರ ಗುಳಿಗೆಯ ಹೆಸರು, ಮುಗಿಯುವ ತಾರೀಖು ಓದಿ ಹೇಳಿ. ಇದಕ್ಕೆ ಅಂಕ ಇಲ್ಲ, ಆದರೂ ಮಾಡಿ.

– ಹತ್ತನೇ ತರಗತಿ, ವಿಜ್ಞಾನ ಸಂಘದ ಪರವಾಗಿ