ರಾತ್ರಿ ಒಂದು ಗಂಟೆಯ ಎಗ್ ರೈಸ್

ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಓದಿದ್ದೇವಲ್ಲ, ಕಾಂಬಿನೇಷನಲ್ ಸರ್ಕ್ಯೂಟ್‌ಗೆ ಅದೇ ಇನ್‌ಪುಟ್ ಕೊಟ್ಟರೆ ಯಾವಾಗಲೂ ಅದೇ ಔಟ್‌ಪುಟ್. ಸೀಕ್ವೆನ್ಷಿಯಲ್ ಹಾಗಲ್ಲ, ಆ ಕ್ಷಣಕ್ಕೆ ಅದು ಯಾವ ಸ್ಟೇಟ್‌ನಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ತೂಕದ ಮಾತು ಬಂದಾಗ ನಾವು ದೇಹವನ್ನು ಮೊದಲನೆಯದರ ಥರ ನೋಡ್ತೀವಿ. ಇಷ್ಟು ಕ್ಯಾಲೊರಿ ಒಳಗೆ, ಇಷ್ಟು ಹೊರಗೆ. ಯಾವ ಹೊತ್ತಿಗೆ ಅಂತ ಕೇಳೋದೇ ಇಲ್ಲ.

ಮಿದುಳಿನ ಹೈಪೋಥಲಾಮಸ್‌ನಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಅದೇ ಮಾಸ್ಟರ್ ಕ್ಲಾಕ್. ಕಣ್ಣಿಗೆ ಬೀಳುವ ಬೆಳಕಿನಿಂದ ಟೈಮ್ ಸರಿಮಾಡಿಕೊಳ್ಳುತ್ತೆ. ಲಿವರ್, ಮೇದೋಜೀರಕ ಗ್ರಂಥಿ, ಕೊಬ್ಬಿನ ಕೋಶಗಳಲ್ಲೂ ಸಣ್ಣ ಗಡಿಯಾರಗಳಿವೆ, ಇವು ಊಟದ ಹೊತ್ತನ್ನೂ ಗಮನಿಸುತ್ತವೆ. (ನೊಣಗಳಲ್ಲಿ ಈ ಗಡಿಯಾರದ ಒಳಗುಟ್ಟು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.) ರಾತ್ರಿ ಒಂದಕ್ಕೆ ಎಗ್ ರೈಸ್ ತಿಂದಾಗ ಮಿದುಳು "ಇದು ರಾತ್ರಿ" ಅನ್ನುತ್ತಿರುತ್ತೆ, ಲಿವರ್‌ಗೆ "ಊಟ ಬಂತು" ಅನ್ನೋ ಸಿಗ್ನಲ್ ಹೋಗುತ್ತೆ. ಅಲ್ಲಿಗೆ ಸಿಂಕ್ ತಪ್ಪಿತು. ಜೊತೆಗೆ, ರಾತ್ರಿ ಏರುವ ಮೆಲಟೋನಿನ್ ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುತ್ತೆ. ಹಾಗಾಗಿ ಅದೇ ಊಟಕ್ಕೆ ರಕ್ತದ ಸಕ್ಕರೆ ಹಗಲಿಗಿಂತ ಹೆಚ್ಚು ಏರುತ್ತೆ.

2022ರಲ್ಲಿ ಪ್ರಕಟವಾದ ಬಾಸ್ಟನ್‌ನ ಒಂದು ಪ್ರಯೋಗ ನಮಗೆ ತುಂಬಾ ಹಿಡಿಸಿತು. ತೂಕ ಹೆಚ್ಚಿದ್ದ ಅಥವಾ ಬೊಜ್ಜಿದ್ದ 16 ಜನರನ್ನು ಲ್ಯಾಬ್‌ನಲ್ಲೇ ಇರಿಸಿಕೊಂಡು, ಒಂದು ಸಲ ಬೇಗ, ಇನ್ನೊಂದು ಸಲ ಅದೇ ಊಟವನ್ನು ಸುಮಾರು 4 ಗಂಟೆ ತಡವಾಗಿ ಕೊಟ್ಟರು. ತಡವಾದಾಗ ಹಸಿವು ಜಾಸ್ತಿ, ಹೊಟ್ಟೆ ತುಂಬಿದೆ ಅಂತ ಮಿದುಳಿಗೆ ತಿಳಿಸುವ ಲೆಪ್ಟಿನ್ ಕಡಿಮೆ, ಎಚ್ಚರವಿದ್ದಾಗ ಖರ್ಚಾಗುವ ಶಕ್ತಿಯೂ ಕಡಿಮೆ. "ಸ್ವಲ್ಪ ಬಾಯಿ ಕಟ್ಟೋಕಾಗಲ್ವೇನೋ?" ಅಂತ ರೂಮ್‌ಮೇಟ್‌ನ ರೇಗಿಸೋರು ಇದನ್ನ ಎರಡು ಸಲ ಓದಿ. ಹೊತ್ತು ತಪ್ಪಿದರೆ ಹಸಿವೇ ಹೆಚ್ಚಾಗುತ್ತೆ, ಬರೀ ಮನಸ್ಸು ಗಟ್ಟಿ ಇದ್ದರೆ ಸಾಲದು.

ಹಾಗಂತ ಟೈಮಿಂಗ್ ಒಂದರಿಂದಲೇ ಎಲ್ಲ ಆಗಿಬಿಡಲ್ಲ. ಅದೇ ವರ್ಷ ಪ್ರಕಟವಾದ ಚೀನಾದ ಗ್ವಾಂಗ್‌ಝೌನ ಅಧ್ಯಯನದಲ್ಲಿ ಬೊಜ್ಜಿದ್ದ 139 ಜನ ಒಂದು ವರ್ಷ ಕ್ಯಾಲೊರಿ ಕಡಿಮೆ ಮಾಡಿದರು. ಅವರಲ್ಲಿ ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿಂದಿತು. ಆ ಗುಂಪಿನವರ ತೂಕ ಸರಾಸರಿ 8 ಕೆಜಿ ಇಳಿಯಿತು, ಉಳಿದವರದ್ದು 6.3. ಸ್ಟ್ಯಾಟಿಸ್ಟಿಕ್ಸ್ ಪ್ರಕಾರ ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಅಂದರೆ "ಎಷ್ಟು" ಅನ್ನೋ ಪ್ರಶ್ನೆ ಎಲ್ಲಿಗೂ ಹೋಗಿಲ್ಲ.

ನಮ್ಮ ಕಷ್ಟ ಇರೋದು ಬೇರೆ ಕಡೆ. ಸಂಜೆ ಐದೂವರೆಗೆ ಗೋಬಿ ತಿಂದು, ಮೆಸ್‌ನಲ್ಲಿ ಏಳೂವರೆಗೆ ಅನ್ನ ಸಾರು ಬಂದಾಗ ಹಸಿವಿಲ್ಲ ಅಂತೀವಿ. ಆಮೇಲೆ ಅಸೈನ್‌ಮೆಂಟ್, ಆಮೇಲೆ ಆರ್ಡರ್. ಬೆಳಿಗ್ಗೆ ಎಂಟೂವರೆಗೆ ಎದ್ದು ತಿಂಡಿ ಬಿಟ್ಟು ಓಡೋದು.

ಐದು ಗಂಟೆಗೆ ಎದ್ದು ಓಡೋಕಾಗದವರಿಗೆ ಒಂದು ಸಮಾಧಾನ ಇದೆ. ಬ್ರಿಟನ್‌ನ ಬೊಜ್ಜಿರುವ ಸುಮಾರು 30,000 ಜನರ ಮಾಹಿತಿ ನೋಡಿದಾಗ, ಚುರುಕಾದ ವ್ಯಾಯಾಮವನ್ನು ಹೆಚ್ಚಾಗಿ ಸಂಜೆ ಆರರ ನಂತರ ಮಾಡಿದವರಲ್ಲೇ ಸಾವಿನ ಅಪಾಯ ಎಲ್ಲರಿಗಿಂತ ಕಡಿಮೆ ಕಂಡಿತು. ಇದು ಪ್ರಯೋಗವಲ್ಲ, ಬರೀ ಅವಲೋಕನ. ಆದರೂ ಲ್ಯಾಬ್ ಮುಗಿಸಿ ಆರಕ್ಕೆ ಗ್ರೌಂಡ್‌ಗೆ ಇಳಿದರೆ ನಷ್ಟವೇನಿಲ್ಲ. ಮೆಸ್ ಬಾಗಿಲು ಹಾಕೋದು ಒಂಬತ್ತಕ್ಕೆ.