ಬೋರ್ಡಿಗೆ ಬಂದ ಕರೆಂಟ್ ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ?

ಕೊಯಮತ್ತೂರಿನ ಗಣಪತಿ, ಆವಾರಂಪಾಳ್ಯಂ, ಪೀಳಮೇಡು ಕಡೆಯ ಗಲ್ಲಿಗಳಲ್ಲಿ ಓಡಾಡಿದವರಿಗೆ ಗೊತ್ತು, ಈ ಊರಿನಲ್ಲಿ ಮೋಟಾರ್ ಅಂದರೆ ಯಾರಿಗೂ ಅಳುಕಿಲ್ಲ. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಬಂದ ಮೇಲೆ ಇಲ್ಲಿ ಮಿಲ್ಲುಗಳು ಬೆಳೆದವು. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸೇರಿ ನಮ್ಮ ದೇಶದಲ್ಲೇ ತಯಾರಾದ ಎಲೆಕ್ಟ್ರಿಕ್ ಮೋಟಾರನ್ನು ಹೊರತಂದರು. ಆಮೇಲೆ ಪಂಪು, ವೆಟ್ ಗ್ರೈಂಡರ್, ಅವುಗಳ ಹಿಂದೆ ವೈಂಡಿಂಗ್ ಅಂಗಡಿಗಳು. ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ದೇವಾಂಗ ನೇಕಾರರಲ್ಲೂ ಮಗ್ಗ ಬಿಟ್ಟು ವರ್ಕ್‌ಶಾಪಿಗೆ ಇಳಿದವರಿದ್ದಾರೆ. ನಾನು ಅಂಥ ಮನೆಯವನು.

ಈಗ ಇದೇ ಗಲ್ಲಿಗಳಿಗೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ, ಕತ್ತರಿಸುವ ಸಣ್ಣ ಸಿಎನ್‌ಸಿ ಯಂತ್ರಗಳು ಬಂದಿವೆ. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಕಟ್ಟುತ್ತಾರೆ, ಮರಗೆಲಸದವರು ಬಾಗಿಲಿನ ಕೆತ್ತನೆಗೆ ಕಟ್ಟಿಕೊಳ್ಳುತ್ತಾರೆ, ತಿರುಪ್ಪೂರಿನ ಗಾರ್ಮೆಂಟ್ ಕಡೆಯವರು ಜೇಬು-ಕಾಲರಿನ ಅಕ್ರಿಲಿಕ್ ಟೆಂಪ್ಲೇಟ್ ಕತ್ತರಿಸಿಕೊಳ್ಳುತ್ತಾರೆ. ಆರ್ಡುಯಿನೋ ಊನೋ, ಅದರ ಮೇಲೆ ಕೂರುವ ಪೂರಕ ಬೋರ್ಡಾದ ಸಿಎನ್‌ಸಿ ಶೀಲ್ಡ್, ನಾಲ್ಕು ಸ್ಟೆಪ್ಪರ್ ಡ್ರೈವರ್, ಒಳಗೆ ಗರ್ಬಲ್ ಎಂಬ ಉಚಿತ ತಂತ್ರಾಂಶ. ನನ್ನ ಯಂತ್ರ ಕಟ್ಟಿಕೊಂಡೆ, ಸ್ನೇಹಿತರ ಯಂತ್ರಗಳನ್ನು ಬಿಚ್ಚಿ ನೋಡಿದೆ. ಕೆಟ್ಟು ನಿಂತ ಯಂತ್ರಗಳಲ್ಲಿ ಕಬ್ಬಿಣದ ದೋಷ ಕಡಿಮೆ. ಹೆಚ್ಚಿನವು ನಿಂತಿದ್ದು ವೈರಿಂಗಿನಿಂದ. ಕಟ್ಟಿದವರು ದಡ್ಡರೂ ಅಲ್ಲ. 415 ವೋಲ್ಟಿನ ಸ್ಟಾರ್ಟರ್ ಕಟ್ಟಿ ಪಳಗಿದ ಕೈಗೆ 5 ವೋಲ್ಟಿನ ಬೋರ್ಡು ಆಟಿಕೆಯಂತೆ ಕಾಣುತ್ತದೆ, ಕಷ್ಟ ಶುರುವಾಗುವುದೇ ಅಲ್ಲಿ.

ವೈಂಡಿಂಗ್ ಕೆಲಸದ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು: "ತಮ್ಮಾ, ಇಷ್ಟು ಸಣ್ಣ ವೋಲ್ಟೇಜಿಗೆ ಅರ್ತ್, ವೈರಿಂಗ್ ಅಂತ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ?" "ಅಣ್ಣಾ, ನಿಮ್ಮ ಮೋಟಾರಿಗೆ ಹತ್ತು ವೋಲ್ಟ್ ಆಚೀಚೆ ಆದರೂ ಅದು ತಿರುಗುತ್ತದೆ. ಇದಕ್ಕೆ ಎರಡು ವೋಲ್ಟ್ ಆಚೀಚೆ ಆದರೆ ಇದೆ ಅನ್ನುವುದು ಇಲ್ಲ ಅಂತಾಗುತ್ತದೆ" ಅಂದೆ. ಅವರಿಗೆ ಕೂಡಲೇ ಅರ್ಥವಾಯಿತು.

ಮೊದಲು ಪವರ್ ಸಪ್ಲೈ. 24 ವೋಲ್ಟಿನ 350 ವ್ಯಾಟ್ ಎಸ್‌ಎಂಪಿಎಸ್ ಪೆಟ್ಟಿಗೆ ತಂದ ಕೂಡಲೇ ಪಕ್ಕದ ಜಾಲರಿಯೊಳಗೆ ಇಣುಕಿ ನೋಡಿ. ಹಲವು ಮಾದರಿಗಳಲ್ಲಿ 115/230 ಎಂಬ ಸಣ್ಣ ಸ್ವಿಚ್ ಇರುತ್ತದೆ. ಅದು 115ರಲ್ಲಿದ್ದು ನಮ್ಮ 230 ವೋಲ್ಟ್ ಕೊಟ್ಟರೆ ಒಳಗಿನ ಕೆಪಾಸಿಟರ್ ಸಿಡಿಯುತ್ತದೆ. ಎರಡನೆಯದು ಪ್ಲಸ್, ಮೈನಸ್. ಶೀಲ್ಡಿನ ನೀಲಿ ಟರ್ಮಿನಲ್ಲಿಗೆ ಉಲ್ಟಾ ಕೊಟ್ಟರೆ ತಡೆಯುವ ಡಯೋಡ್ ಸಾಮಾನ್ಯವಾಗಿ ಇರುವುದಿಲ್ಲ, ಡ್ರೈವರುಗಳು ಒಟ್ಟಿಗೇ ಹೋಗುತ್ತವೆ. ವೈರಿನ ಬಣ್ಣ ನಂಬದೆ ಮಲ್ಟಿಮೀಟರ್ ಇಟ್ಟು ನೋಡಿಯೇ ಸ್ಕ್ರೂ ಬಿಗಿ ಮಾಡಿ.

ಸ್ಕ್ರೂ ವಿಷಯದಲ್ಲಿ ಇನ್ನೊಂದು ಮಾತು. ಎಳೆ ವೈರಿನ ತುದಿಗೆ ಸೀಸ ಹಾಕಿ ಗಟ್ಟಿ ಮಾಡಿ ಟರ್ಮಿನಲ್ಲಿಗೆ ತುರುಕುವುದು ಇಲ್ಲಿ ಎಲ್ಲರ ರೂಢಿ. ನೋಡಲು ಅಂದ. ಆದರೆ ಸೀಸ ಮೆತ್ತಗಿನ ಲೋಹ, ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಯಂತ್ರ ನಡುಗುತ್ತಿರುತ್ತದೆ, ಕೆಲವು ತಿಂಗಳಲ್ಲಿ ಬಿಗಿ ಸಡಿಲ, ಆಮೇಲೆ ಬಿಸಿ. ಸೀಸದ ಬದಲು ಫೆರೂಲ್ ಎಂಬ ಸಣ್ಣ ಲೋಹದ ಕೊಳವೆಯನ್ನು ತುದಿಗೆ ಒತ್ತಿ ಹಾಕಿ. ಅದಕ್ಕೆ ಆಗುವ ಖರ್ಚು ಏನೂ ಅಲ್ಲ.

ಆ ಸಡಿಲ ಸ್ಕ್ರೂ ಮೈನಸ್ ಕಡೆಯದ್ದಾದರೆ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಕರೆಂಟ್ ಬಂದ ಮೇಲೆ ವಾಪಸ್ ಹೋಗಲೇಬೇಕು. ಸರಿಯಾದ ದಾರಿ ಮುಚ್ಚಿದರೆ ಸಿಕ್ಕ ದಾರಿ ಹಿಡಿಯುತ್ತದೆ. ಎಸ್‌ಎಂಪಿಎಸ್ ಮೈನಸ್ಸನ್ನು ಅರ್ತಿಗೆ ಸೇರಿಸಿದ್ದೀರಿ, ಯಂತ್ರಕ್ಕೆ ಕಟ್ಟಿದ ಲ್ಯಾಪ್‌ಟಾಪಿನ ಚಾರ್ಜರ್ ಮೂರು ಪಿನ್ನಿನದು ಅಂದುಕೊಳ್ಳಿ. ಆಗ ಮೋಟಾರಿನ ಕರೆಂಟ್ ಊನೋ ಬೋರ್ಡಿನೊಳಗಿಂದ ಹಾಯ್ದು, ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಹೋಗಿ, ಚಾರ್ಜರಿನ ಅರ್ತ್ ಮೂಲಕ ಸುತ್ತಿಕೊಂಡು ಬರಬಹುದು. ಪರಿಚಯದ ಒಬ್ಬರ ಯಂತ್ರದಲ್ಲಿ ಯುಎಸ್‌ಬಿ ವೈರ್ ಬೆಚ್ಚಗಾಗುತ್ತಿತ್ತು. ಅವರು ವೈರನ್ನೇ ಬದಲಾಯಿಸುತ್ತಾ ಹೋದರು. ಕೊನೆಗೆ ನೋಡಿದರೆ ಶೀಲ್ಡಿನ ಮೈನಸ್ ಸ್ಕ್ರೂ ಬೆರಳಿಗೆ ತಿರುಗುತ್ತಿತ್ತು. ಅಂದಿನಿಂದ ಯಾವ ಯಂತ್ರ ಬಂದರೂ ನಾನು ಮೊದಲು ಮೈನಸ್ ವೈರುಗಳನ್ನು ಒಂದೊಂದಾಗಿ ಎಳೆದು ನೋಡುತ್ತೇನೆ. ಎಲ್ಲ ಮೈನಸ್ಸೂ ಎಸ್‌ಎಂಪಿಎಸ್ ಹತ್ತಿರ ಒಂದೇ ಜಾಗದಲ್ಲಿ ಕೂಡಬೇಕು, ಅರ್ತ್ ಜೋಡಣೆಯೂ ಅಲ್ಲೇ, ಒಂದೇ ಕಡೆ.

ಇನ್ನು ಔಟ್‌ಪುಟ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೋರ್ಡಿನ ಪಿನ್ ಅಂದರೆ ಮೇಸ್ತ್ರಿಯ ಬಾಯಿ ಮಾತು. ಮೂಟೆ ಹೊರುವವರು ಬೇರೆ ಇರಬೇಕು. ಊನೋದ ಒಂದು ಪಿನ್ನಿನಿಂದ 20 ಮಿಲಿಆಂಪ್ ತೆಗೆದರೆ ಕ್ಷೇಮ, 40 ಅದರ ಕೊನೆಯ ಮಿತಿ. ಮಾರುಕಟ್ಟೆಯ ನೀಲಿ 5 ವೋಲ್ಟ್ ರಿಲೇಯ ಕಾಯಿಲ್ ಒಂದಕ್ಕೇ ಸುಮಾರು 70 ಮಿಲಿಆಂಪ್ ಬೇಕು. ಹಾಗಾಗಿ ಬಿಡಿ ರಿಲೇಯನ್ನು ಪಿನ್ನಿಗೆ ನೇರ ಕಟ್ಟಲೇಬಾರದು. ನಡುವೆ ಟ್ರಾನ್ಸಿಸ್ಟರ್ ಬೇಕು, ಕಾಯಿಲ್‌ಗೆ ಅಡ್ಡಲಾಗಿ ಉಲ್ಟಾ ಡಯೋಡ್ ಬೇಕು. ಇವೆರಡೂ ಇರುವ ರಿಲೇ ಮಾಡ್ಯೂಲ್ ಕೊಂಡರೆ ಆಯಿತು.

ಆದರೆ ಕೊಳ್ಳುವಾಗ ನೋಡಿ. ಪಿನ್ ಸೊನ್ನೆಗೆ ಇಳಿದಾಗ ಕಚ್ಚಿಕೊಳ್ಳುವ ಮಾಡ್ಯೂಲುಗಳೇ ಅಂಗಡಿಯಲ್ಲಿ ಹೆಚ್ಚು. ಗರ್ಬಲ್, ಕಟರ್ ತಿರುಗಿಸುವ ಸ್ಪಿಂಡಲನ್ನು ನಿಲ್ಲಿಸಲು ಪಿನ್ನನ್ನು ಇಳಿಸುತ್ತದೆ, ರಿಲೇ ಅದನ್ನೇ ಓಡು ಅಂತ ತಿಳಿಯುತ್ತದೆ. ಪಿನ್ ಏರಿದಾಗ ಕಚ್ಚುವಂಥದ್ದನ್ನು, ಅಥವಾ ಎರಡಕ್ಕೂ ಜಂಪರ್ ಇರುವಂಥದ್ದನ್ನು ಕೇಳಿ ತೆಗೆದುಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಕನೆಕ್ಟ್ ಒತ್ತಿದಾಗ ಊನೋ ಒಮ್ಮೆ ರೀಸೆಟ್ ಆಗುತ್ತದೆ. ಆ ಒಂದೆರಡು ಕ್ಷಣ ಪಿನ್ನುಗಳಿಗೆ ಯಜಮಾನ ಇರುವುದಿಲ್ಲ. ರಿಲೇ ಬದಲು ಪಿನ್ನಿಗೆ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಕಟ್ಟಿದ್ದರೆ ಅದರ ಗೇಟ್ ತೇಲಾಡುತ್ತದೆ, ಕಟರ್ ತಿರುಗಿಬಿಡಬಹುದು. ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಆ ತೇಲಾಟ ನಿಲ್ಲುತ್ತದೆ. ಆದರೆ 13ನೇ ಪಿನ್ನಿಗೆ ಈ ಮದ್ದು ನಾಟುವುದಿಲ್ಲ. ಬೋರ್ಡ್ ಏಳುವಾಗ ಬೂಟ್‌ಲೋಡರ್ ಅದರ ಎಲ್‌ಇಡಿಯನ್ನು ತಾನೇ ಮಿನುಗಿಸುತ್ತದೆ. ಅಲ್ಲಿ ರಿಲೇ ಕಟ್ಟಿದ್ದರೆ ಪ್ರತಿ ಸಲವೂ ಟಕಟಕ ಅನ್ನುತ್ತದೆ. ಗರ್ಬಲ್‌ನಲ್ಲಿ ಅದು ಸ್ಪಿಂಡಲ್ ದಿಕ್ಕಿನ ಪಿನ್. ಒಂದೇ ದಿಕ್ಕಿಗೆ ತಿರುಗುವ ಸ್ಪಿಂಡಲ್ ಇರುವವರು ಅದನ್ನು ಖಾಲಿ ಬಿಡುವುದೇ ಒಳ್ಳೆಯದು.

ಶೀಲ್ಡಿನ ಮೇಲಿನ ಬರಹವನ್ನೂ ಪೂರ್ತಿ ನಂಬಬೇಡಿ. ಮೂರನೇ ಆವೃತ್ತಿಯ ಶೀಲ್ಡಿನಲ್ಲಿ ಸ್ಪಿಂಡಲ್ ಎಂದು ಬರೆದಿರುವುದು 12ನೇ ಪಿನ್ನಿಗೆ, ಝಡ್ ಲಿಮಿಟ್ (ಮೇಲೆ-ಕೆಳಗಿನ ಚಲನೆಯ ಕೊನೆ ತಿಳಿಸುವ ಸ್ವಿಚ್) ಎಂದು ಬರೆದಿರುವುದು 11ಕ್ಕೆ. ವೇಗ ನಿಯಂತ್ರಣಕ್ಕೆ 12ರಲ್ಲಿ ಇಲ್ಲದ, 11ರಲ್ಲಿ ಇರುವ ಪಿಡಬ್ಲ್ಯುಎಂ ಬೇಕಾದ್ದರಿಂದ ಗರ್ಬಲ್ 0.9ರಿಂದೀಚೆಗೆ ಇವೆರಡನ್ನೂ ಅದಲುಬದಲು ಮಾಡಿತು. 1.1ರಲ್ಲಿ ನಾವು ಏನನ್ನೂ ಬದಲಿಸದಿದ್ದರೆ ಇರುವುದೇ ಹೀಗೆ: ಸ್ಪಿಂಡಲ್ 11, ಝಡ್ ಲಿಮಿಟ್ 12. ಬರಹ ನೋಡಿ ಕಟ್ಟಿದವರಿಗೆ ಸ್ಪಿಂಡಲ್ ತಿರುಗುವುದಿಲ್ಲ, ಝಡ್ ಸ್ವಿಚ್ ಒತ್ತಿದರೂ ಯಂತ್ರ ನಿಲ್ಲುವುದಿಲ್ಲ. ಬೋರ್ಡ್ ಸುಟ್ಟಿದೆ ಅಂತ ಹೊಸದು ತಂದವರನ್ನೂ ಕಂಡಿದ್ದೇನೆ.

ತಿರುಪ್ಪೂರಿನ ಒಂದು ಟೆಂಪ್ಲೇಟ್ ಯಂತ್ರದಲ್ಲಿ ವೇಗ ಬದಲಿಸುವ ಡ್ರೈವ್ ಇರುವ, ಅಂದರೆ ವಿಎಫ್‌ಡಿ ಸ್ಪಿಂಡಲ್ ಇತ್ತು. ಸ್ಪಿಂಡಲ್ ಶುರುವಾದ ಕೂಡಲೇ ಯಾರೂ ಮುಟ್ಟದ ಲಿಮಿಟ್ ಸ್ವಿಚ್ಚಿನ ಅಲಾರಂ ಬಂದು ಕೆಲಸ ನಿಲ್ಲುತ್ತಿತ್ತು. ಸ್ಪಿಂಡಲ್ ವೈರೂ ಸ್ವಿಚ್ಚಿನ ವೈರೂ ಒಂದೇ ಕೇಬಲ್ ಚೈನಿನಲ್ಲಿ ಮೈಗೆ ಮೈ ಅಂಟಿಸಿಕೊಂಡಿದ್ದವು. ಸ್ವಿಚ್ಚಿನ ವೈರನ್ನು 5 ವೋಲ್ಟಿಗೆ ಹಿಡಿದಿಡುವ ಬೋರ್ಡಿನೊಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್. ಅಷ್ಟು ದುರ್ಬಲ ಹಿಡಿತವನ್ನು ವಿಎಫ್‌ಡಿಯ ಸದ್ದು ಸುಲಭವಾಗಿ ಎಳೆದುಬಿಡುತ್ತದೆ. ವೈರುಗಳನ್ನು ಬೇರೆ ಮಾಡಿದೆವು. ಸ್ವಿಚ್ಚುಗಳನ್ನು 24 ವೋಲ್ಟಿನಲ್ಲಿ ಓಡಿಸಿ, ಬೋರ್ಡಿನ ಬಳಿ ಎರಡು ಕಡೆಯನ್ನು ಬೆಳಕಿನಿಂದಷ್ಟೇ ಜೋಡಿಸುವ ಪಿಸಿ817 ಆಪ್ಟೋಕಪ್ಲರ್ ಇಟ್ಟೆವು. ಆಮೇಲೆ ಅರ್ತ್ ಸರಿಯಿದೆಯೇ ಅಂತ ನ್ಯೂಟ್ರಲ್-ಅರ್ತ್ ನಡುವೆ ಮೀಟರ್ ಇಟ್ಟರೆ ಅಂಕಿ ಜಾಸ್ತಿಯೇ ತೋರಿಸಿತು. ಹಿತ್ತಲಿನ ಅರ್ತ್ ಗುಂಡಿ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು. ಬಾವಿಯಲ್ಲೇ ನೀರಿಲ್ಲದ ಸೀಮೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುವುದು ಯಾರಿಗೂ ನೆನಪಾಗುವುದಿಲ್ಲ. ಹಾಕಿ ನೋಡಿದೆವು, ಅಂಕಿ ಇಳಿಯಿತು, ಅಲಾರಂ ಮತ್ತೆ ಬರಲಿಲ್ಲ.

ಕೊನೆಯದು ಎಮರ್ಜೆನ್ಸಿ ಸ್ಟಾಪ್. ಶೀಲ್ಡಿನ ಮೇಲೆ ಇ-ಸ್ಟಾಪ್ ಎಂದು ಬರೆದ ಪಿನ್ ಇದೆ. ಅದು ಬೋರ್ಡಿಗೆ ನಿಲ್ಲು ಅನ್ನುವ ಸೂಚನೆ ಮಾತ್ರ, ಕಾಂಟ್ಯಾಕ್ಟ್ ಅಂಟಿಕೊಂಡ ರಿಲೇಯನ್ನು ಅದು ಬಿಡಿಸಲಾರದು. ಕೆಂಪು ಗುಂಡಿ ಕಡಿಯಬೇಕಾದ್ದು ಸ್ಪಿಂಡಲ್ ಮತ್ತು ಎಸ್‌ಎಂಪಿಎಸ್ ಎರಡರ 230 ವೋಲ್ಟನ್ನು, ಅದೂ ಕಾಂಟ್ಯಾಕ್ಟರ್ ಮೂಲಕ. ಕರೆಂಟ್ ಹೋಗಿ ಬಂದರೂ ಯಂತ್ರ ತಾನಾಗಿ ಎದ್ದು ಕೂರಬಾರದು. ಪಂಪಿನ ಸ್ಟಾರ್ಟರಿನ ನೋ-ವೋಲ್ಟ್ ಕಾಯಿಲ್ ಮಾಡುವುದು ಇದನ್ನೇ. ಇದನ್ನು ನಮ್ಮ ಊರಿನ ಹಳೇ ಕೈಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಯಂತ್ರ ಕಟ್ಟುವ ಹುಡುಗ ಹುಡುಗಿಯರಲ್ಲಿ ನನ್ನ ವಿನಂತಿ ಇಷ್ಟು: 5 ಮತ್ತು 24 ವೋಲ್ಟಿನ ಕೆಲಸವನ್ನು ನೀವೇ ಕಲಿತು ಮಾಡಿ. 230 ವೋಲ್ಟಿನ ಕಾಂಟ್ಯಾಕ್ಟರ್ ಕೂರಿಸುವ ದಿನ ಪಕ್ಕದ ಬೀದಿಯ ಸ್ಟಾರ್ಟರ್ ಕೆಲಸದ ಅಣ್ಣನನ್ನು ಕರೆಯಿರಿ, ಅವರ ಎದುರಿಗೇ ಕೆಂಪು ಗುಂಡಿ ಒತ್ತಿ ನೋಡಿ, ಆಮೇಲೆ ಕಟರ್ ಹಾಕಿ.